ಟೋಲ್‌ಗೇಟಿನ ಚೀಟಿಗೂ ಕಾಲುಚೀಲದ ಚೀಟಿಗೂ ಒಂದೇ ಭಾಷೆ!

ಒಂದು ಸಣ್ಣ ಪ್ರಶ್ನೆ. ಕಾರಿನ ಮುಂಗಾಜಿಗೆ ಫಾಸ್ಟ್ಯಾಗ್ ಅಂಟಿಸಿದ್ದೀರಲ್ಲ, ಅದರೊಳಗಿನ ಬ್ಯಾಟರಿ ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಎರಡು ವರ್ಷ? ಐದು? ಹತ್ತು? ಊಹಿಸಿ ನೋಡೋಣ!

ತಪ್ಪು. ಮೂರೂ ತಪ್ಪು! ಅದರಲ್ಲಿ ಬ್ಯಾಟರಿಯೇ ಇಲ್ಲ!

ವೈರ್ ಇಲ್ಲ. ಸೋಲಾರ್ ಪಟ್ಟಿ ಇಲ್ಲ. ಕಾರಿನ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಒಳಗಿರುವುದು ಒಂದು ಚೂರು ಸಿಲಿಕಾನ್, ಒಂದಿಷ್ಟು ಲೋಹದ ಗೆರೆ. ಅಷ್ಟೇ! ಆದರೂ ಟೋಲ್‌ಗೇಟಿನಡಿ ಬಂದೊಡನೆ ಆ ಚೀಟಿ ಎಚ್ಚರಗೊಳ್ಳುತ್ತದೆ. ತನ್ನ ನಂಬರ್ ಹೇಳುತ್ತದೆ. ಮತ್ತೆ ನಿದ್ದೆಗೆ ಜಾರುತ್ತದೆ.

ಕರೆಂಟು ಎಲ್ಲಿಂದ ಬಂತು? ಮೇಲಿನಿಂದ! ಲೇನಿನ ನೆತ್ತಿಯ ಮೇಲೆ ತೂಗುವ ಆ ಚಪ್ಪಟೆ ಪೆಟ್ಟಿಗೆಯನ್ನು ನೋಡಿರುತ್ತೀರಿ. ಅದು ರೀಡರಿನ ಆಂಟೆನಾ. ಅದು ಚೆಲ್ಲುವ ರೇಡಿಯೊ ಅಲೆಗಳನ್ನೇ ಕುಡಿದು ಚಿಪ್ ಓಡುತ್ತದೆ.

ಎಷ್ಟು ಕುಡಿಯುತ್ತದೆ ಗೊತ್ತೆ? ಸುಮಾರು ಹತ್ತು ಮೈಕ್ರೊವ್ಯಾಟ್. ಒಂದು ವ್ಯಾಟಿನ ಪುಟಾಣಿ ಎಲ್‌ಇಡಿ ದೀಪಕ್ಕೆ ಬೇಕಾದ ಕರೆಂಟನ್ನು ಇಂಥ ಚಿಪ್‌ಗಳಿಗೆ ಹಂಚಿದರೆ ಒಂದು ಲಕ್ಷ ಚಿಪ್‌ಗಳು ಎದ್ದು ಕೂರುತ್ತವೆ! ಈಗಿನ ಹೊಸ ಚಿಪ್‌ಗಳಿಗಂತೂ ಅದರ ಅರ್ಧವೂ ಬೇಡ.

ಉತ್ತರ ಕೊಡುವ ರೀತಿ ಇನ್ನೂ ಸೋಜಿಗ. ಈ ಚೀಟಿ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ! ರೀಡರಿನಿಂದ ಬಂದ ಅಲೆಯನ್ನೇ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಹಿಂದಕ್ಕೆ ಪ್ರತಿಫಲಿಸುತ್ತದೆ. ಹೆಚ್ಚು, ಕಡಿಮೆ, ಕಡಿಮೆ, ಹೆಚ್ಚು. ಆ ಏರಿಳಿತವೇ ಸೊನ್ನೆ, ಆ ಏರಿಳಿತವೇ ಒಂದು. ತಾನು ಎಸೆದ ಅಲೆಯೊಳಗೇ ಅಡಗಿ ಮರಳಿದ ಈ ಅತಿಸಣ್ಣ ಕಂಪನವನ್ನು ರೀಡರ್ ಹೆಕ್ಕಿ ತೆಗೆಯುತ್ತದೆ!

ಬ್ಯಾಟರಿಯಿಲ್ಲದೆ ಮಾತಾಡುವ ಈ ಚಮತ್ಕಾರ ನಿನ್ನೆ ಮೊನ್ನೆಯದು ಅಂದುಕೊಂಡಿರಾ? 1945ರ ಆಗಸ್ಟ್‌ಗೆ ಬನ್ನಿ. ಮಾಸ್ಕೋ. ಸೋವಿಯತ್ ಶಾಲಾಮಕ್ಕಳು ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್‌ಗೆ ಒಂದು ಉಡುಗೊರೆ ಕೊಟ್ಟರು. ಮರದಲ್ಲಿ ಕೆತ್ತಿದ ಅಮೆರಿಕದ ರಾಜಮುದ್ರೆ. ರಾಯಭಾರಿಯ ನಿವಾಸದ ಗೋಡೆಯ ಮೇಲೆ ಅದು ತೂಗಿತು. ಅದರೊಳಗಿತ್ತು ಕದ್ದಾಲಿಸುವ ಯಂತ್ರ! ಬ್ಯಾಟರಿಯಿಲ್ಲ, ತಂತಿಯಿಲ್ಲ. ಹೊರಗಿನಿಂದ ರೇಡಿಯೊ ಅಲೆ ಹಾಯಿಸಿದಾಗ ಮಾತ್ರ ಜೀವ ಬರುತ್ತಿತ್ತು. ಕೋಣೆಯ ಮಾತುಗಳನ್ನು ಆ ಅಲೆಯ ಪ್ರತಿಫಲನದಲ್ಲೇ ಹೊರಗೆ ಸಾಗಿಸುತ್ತಿತ್ತು. ಪತ್ತೆಯಾದದ್ದು 1952ರಲ್ಲಿ. ಏಳು ವರ್ಷ! ಅದನ್ನು ಮಾಡಿದ್ದು ಲೆವ್ ತೆರೆಮಿನ್. ಮುಟ್ಟದೆಯೇ ನುಡಿಸುವ ಸಂಗೀತವಾದ್ಯ ಕಂಡುಹಿಡಿದ ಅದೇ ತೆರೆಮಿನ್!

ಬೇಹುಗಾರರು ಬಿಡಿ, ಅವರಿಗೆ ಯಾರ ಜತೆಯೂ ಒಪ್ಪಂದ ಬೇಕಿರಲಿಲ್ಲ. ನಾನು ಹೇಳಹೊರಟ ಬೆರಗು ಬೇರೆ. ಅದಕ್ಕೆ ಇನ್ನೊಂದು ಪ್ರಶ್ನೆ ಕೇಳಬೇಕು.

ಬೆಂಗಳೂರಿನ ಡೆಕಾಥ್ಲಾನ್ ಅಂಗಡಿಗೆ ಹೋಗಿದ್ದೀರಾ? ಕಾಲುಚೀಲ, ಟೀಶರ್ಟ್, ಚೆಂಡು ಎಲ್ಲವನ್ನೂ ಪೆಟ್ಟಿಗೆಯಂಥ ಕೌಂಟರಿನೊಳಗೆ ಸುರಿಯುತ್ತೀರಿ. ಒಂದೊಂದೇ ಎತ್ತಿ ತೋರಿಸಬೇಕಿಲ್ಲ. ಪರದೆಯ ಮೇಲೆ ಇಡೀ ಬಿಲ್ಲು ಒಮ್ಮೆಲೇ ಮೂಡುತ್ತದೆ! ಮುಂದಿನ ಸಲ ಅಂಥ ಒಂದು ಬಟ್ಟೆಯ ಲೇಬಲ್ ಕೈಗೆ ಬಂದರೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕಾಗದದೊಳಗೆ ಬೆಳ್ಳಿಬಣ್ಣದ ಗೆರೆ ಕಾಣುತ್ತದೆ. ಹಾವಿನಂತೆ ಹೊರಳಿ ಹೊರಳಿ ಹೋದ ಗೆರೆ. ನಡುವೆ ಒಂದು ಕಪ್ಪು ಚುಕ್ಕಿ. ಉಗುರಿನಿಂದ ಸವರಿದರೆ ಮರಳಿನ ಕಣದಷ್ಟು ಉಬ್ಬು ತಾಗುತ್ತದೆ. ಅದೇ ಚಿಪ್! ಗೆರೆ ಅಲ್ಯೂಮಿನಿಯಂ ಆಂಟೆನಾ.

ಗೆರೆ ಏಕೆ ಹಾಗೆ ಹೊರಳಿದೆ? ಅಲಂಕಾರಕ್ಕಲ್ಲ! ಈ ರೇಡಿಯೊ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಸರಿಯಾಗಿ ಹಿಡಿಯಲು ಆಂಟೆನಾ ಅದರ ಅರ್ಧವಾದರೂ ಇರಬೇಕು, ಅಂದರೆ ಹತ್ತಿರ ಹತ್ತಿರ 17 ಸೆಂಟಿಮೀಟರ್. ಕಾಲುಚೀಲದ ಲೇಬಲ್ ಅಷ್ಟುದ್ದ ಎಲ್ಲಿದೆ? ಅದಕ್ಕೇ ಮಡಚಿ ಮಡಚಿ ಕೂರಿಸಿದ್ದಾರೆ!

ಈಗ ಪ್ರಶ್ನೆ. ಈ ಕಾಲುಚೀಲದ ಚೀಟಿಗೂ ನಿಮ್ಮ ಕಾರಿನ ಫಾಸ್ಟ್ಯಾಗಿಗೂ ಏನು ನೆಂಟಸ್ತಿಕೆ?

ಹೇಳಲೇ? ಎರಡೂ ಆಡುವುದು ಒಂದೇ ಭಾಷೆ! ಪದಪದವೂ ಅದೇ! ರೀಡರ್ ಕೇಳುವ ಪ್ರಶ್ನೆಯ ಕ್ರಮ ಅದೇ, ಚಿಪ್ ಕೊಡುವ ಉತ್ತರದ ಕ್ರಮ ಅದೇ. ಇಪಿಸಿ ಜೆನ್‌-2 ಎಂದು ಅದರ ಹೆಸರು. ವಿಮಾನಯಾನ ಸಂಸ್ಥೆಗಳು ಲಗೇಜಿಗೆ ಕಟ್ಟುವ ಹೊಸ ಬಗೆಯ ಚೀಟಿಯೂ ಅದನ್ನೇ ಆಡುತ್ತದೆ. ಚಿಪ್ ಮಾಡಿದ್ದು ಒಂದು ಕಂಪನಿ. ಆಂಟೆನಾ ಅಂಟಿಸಿದ್ದು ಇನ್ನೊಂದು. ರೀಡರ್ ಮಾಡಿದ್ದು ಮೂರನೆಯದು. ಅವರು ಒಬ್ಬರ ಮುಖ ಒಬ್ಬರು ನೋಡಿಲ್ಲದಿರಬಹುದು. ಆದರೂ ಮಾತು ತಪ್ಪುವುದಿಲ್ಲ!

ಮಾರುಕಟ್ಟೆಯಲ್ಲಿ ಜುಟ್ಟು ಜುಟ್ಟು ಹಿಡಿದು ಕಾದಾಡುವ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದು ಹೇಗೆ? ಚಿಪ್ಪಿಗಿಂತ ದೊಡ್ಡ ಅದ್ಭುತ ಇದೇ ಎಂದು ನನಗನ್ನಿಸುತ್ತದೆ. ಚಿಪ್ಪನ್ನು ಹತ್ತು ಜನ ಜಾಣರು ಮಾಡಿಯಾರು. ಒಪ್ಪಂದಕ್ಕೆ ಇಡೀ ಉದ್ಯಮವೇ ಬೇಕು!

ಇದೆಲ್ಲ ಎಲ್ಲಿಂದ ಶುರುವಾಯಿತು? ಮತ್ತೆ ಊಹಿಸಿ. ಸೇನೆಯ ಗುಪ್ತ ಪ್ರಯೋಗಾಲಯ? ನಾಸಾ? ಯಾವುದೋ ಬ್ಯಾಂಕು?

ಲಿಪ್‌ಸ್ಟಿಕ್!

ಹೌದು, ಲಿಪ್‌ಸ್ಟಿಕ್! 1990ರ ದಶಕದ ಕೊನೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ಕೆವಿನ್ ಆಷ್ಟನ್ ಎಂಬ ಯುವಕ ಸೌಂದರ್ಯವರ್ಧಕಗಳ ಮಾರಾಟ ನೋಡಿಕೊಳ್ಳುತ್ತಿದ್ದ. ಕಂದು ಬಣ್ಣದ ಒಂದು ಲಿಪ್‌ಸ್ಟಿಕ್. ಅಂಗಡಿಗೆ ಹೋದಾಗಲೆಲ್ಲ ಆ ಜಾಗ ಖಾಲಿ! ಗೋದಾಮಿನಲ್ಲಿ ಕೇಳಿದರೆ ಮಾಲು ಬೇಕಾದಷ್ಟಿದೆ. ಕಂಪ್ಯೂಟರಿಗೂ ಗೊತ್ತಿಲ್ಲ, ಅಂಗಡಿಯವನಿಗೂ ಗೊತ್ತಿಲ್ಲ. ಲಿಪ್‌ಸ್ಟಿಕ್ಕೇ ತಾನೆಲ್ಲಿದ್ದೇನೆ ಎಂದು ಹೇಳಿಬಿಟ್ಟರೆ? ಆಷ್ಟನ್ ತಲೆಗೆ ಹೊಕ್ಕ ಹುಳ ಅದು!

ಅತ್ತ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಬ್ರಾಕ್ ಮತ್ತು ನಮ್ಮ ಐಐಟಿ ಕಾನ್ಪುರದಲ್ಲಿ ಓದಿದ ಸಂಜಯ್ ಶರ್ಮಾ ಬೇರೆಯೇ ತಲೆನೋವಿನಲ್ಲಿದ್ದರು. ರೋಬೋ ಕಣ್ಣಿಗೆ ವಸ್ತುಗಳ ಗುರುತು ಸಿಗುತ್ತಿರಲಿಲ್ಲ. ನೋಡಿ ಗುರುತಿಸುವುದೇಕೆ, ವಸ್ತುವೇ ತನ್ನ ಗುರುತು ಹೇಳಲಿ ಎಂದುಕೊಂಡರು. ಲಿಪ್‌ಸ್ಟಿಕ್ ಮತ್ತು ರೋಬೋ ಒಂದೇ ತಿರುವಿನಲ್ಲಿ ಮುಖಾಮುಖಿ! 1999ರಲ್ಲಿ ಎಂಐಟಿಯಲ್ಲಿ ಆಟೊ-ಐಡಿ ಸೆಂಟರ್ ಹುಟ್ಟಿತು. ಆಷ್ಟನ್ ಅದರ ಕಾರ್ಯನಿರ್ವಾಹಕ ನಿರ್ದೇಶಕ. ಇಂದು ಎಲ್ಲರ ಬಾಯಲ್ಲಿರುವ ‘ಇಂಟರ್‌ನೆಟ್ ಆಫ್ ಥಿಂಗ್ಸ್’ ಎಂಬ ಹೆಸರನ್ನು ಇಟ್ಟವನೂ ಅವನೇ!

ದುಡ್ಡು ಹಾಕಿದ್ದು ಯಾರು? ಇಲ್ಲಿದೆ ಸ್ವಾರಸ್ಯ! ಮೊದಲು ಬಂದದ್ದು ಜಿಲೆಟ್, ಪ್ರಾಕ್ಟರ್ ಅಂಡ್ ಗ್ಯಾಂಬಲ್ ಮತ್ತು ಅಮೆರಿಕದಲ್ಲಿ ಬಾರ್‌ಕೋಡಿನ ಉಸ್ತುವಾರಿ ನೋಡುತ್ತಿದ್ದ ಸಂಸ್ಥೆ. ಆಮೇಲೆ ಯುನಿಲಿವರ್ ಬಂತು. ಸೋಪು, ಶಾಂಪೂ ವಿಷಯದಲ್ಲಿ ಬೆಳಗಾದರೆ ಕಾದಾಡುವ ಎರಡು ದೈತ್ಯರು ಒಂದೇ ಮೇಜಿನ ಸುತ್ತ! ವಾಲ್‌ಮಾರ್ಟ್ ಬಂತು. ಟೆಸ್ಕೊ ಬಂತು. 2003ರ ಹೊತ್ತಿಗೆ ಪ್ರಾಯೋಜಕರ ಸಂಖ್ಯೆ ನೂರು ದಾಟಿತ್ತು! ಕೇಂಬ್ರಿಜ್, ಅಡಿಲೇಡ್, ಟೋಕಿಯೊದ ಕೇಯೊ, ಶಾಂಘೈನ ಫುಡಾನ್, ಸ್ವಿಜರ್ಲೆಂಡಿನ ಸೇಂಟ್ ಗ್ಯಾಲನ್ ವಿಶ್ವವಿದ್ಯಾಲಯಗಳು ಕೈಜೋಡಿಸಿದ್ದವು.

ಅವರೆಲ್ಲ ಹಿಡಿದ ಹಟ ಒಂದೇ. ಚಿಪ್ ಅಗ್ಗವಾಗಬೇಕು. ಎಷ್ಟು ಅಗ್ಗ? ಐದು ಸೆಂಟ್! 2001ರಲ್ಲಿ ಶರ್ಮಾ ಅದೇ ಗುರಿಯಿಟ್ಟು ಒಂದು ಪ್ರಬಂಧವನ್ನೇ ಬರೆದರು.

ಐದು ಸೆಂಟಿಗೆ ಚಿಪ್ ಮಾಡುವುದು ಹೇಗೆ? ಇದಕ್ಕೆ ಸಿಕ್ಕ ಉತ್ತರ ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಚಿಪ್ಪಿನೊಳಗೆ ಏನನ್ನೂ ಇಡಬೇಡಿ! ಬೆಲೆ ಬೇಡ. ತಯಾರಾದ ತಾರೀಖು ಬೇಡ. ಊರು ಬೇಡ. ಒಂದೇ ಒಂದು ನಂಬರ್ ಸಾಕು. ಮಿಕ್ಕಿದ್ದೆಲ್ಲ ದೂರದ ಕಂಪ್ಯೂಟರಿನಲ್ಲಿರಲಿ!

ಆ ನಂಬರಿಗೆ 96 ಬಿಟ್ ಜಾಗ ಕೊಟ್ಟರು. ಎಷ್ಟು ಬೇರೆ ಬೇರೆ ನಂಬರುಗಳು ಸಿಗುತ್ತವೆ, ಹೇಳಿ ನೋಡೋಣ? ಒಂದು ಕೋಟಿ? ಲಕ್ಷ ಕೋಟಿ?

ಉಸಿರು ಬಿಗಿಹಿಡಿಯಿರಿ. 79228162514264337593543950336! ಇಪ್ಪತ್ತೊಂಬತ್ತು ಅಂಕಿಗಳು! ಭೂಮಿಯ 800 ಕೋಟಿ ಜನರಿಗೆ ಸಮನಾಗಿ ಹಂಚಿದರೆ ತಲೆಗೆ ಸುಮಾರು 99 ಸಾವಿರ ಕೋಟಿ ಕೋಟಿ! ಕೆಲವು ಬಿಟ್‌ಗಳು ಇದು ಯಾವ ಬಗೆಯ ನಂಬರ್ ಎಂದು ಹೇಳುವುದಕ್ಕೇ ಖರ್ಚಾಗುತ್ತವೆ, ಹಾಗಾಗಿ ಇಷ್ಟೂ ಕೈಗೆ ಸಿಗುವುದಿಲ್ಲ. ಆದರೇನು, ಮುಗಿಯುವ ಮಾತೇ ಇಲ್ಲ!

ಬಾರ್‌ಕೋಡಿಗೂ ಇದಕ್ಕೂ ಇರುವ ಅಂತರ ಇಲ್ಲೇ ಇದೆ. ಅಂಗಡಿಯ ಕಪಾಟಿನಲ್ಲಿರುವ ಒಂದೇ ಬಗೆಯ ಎರಡು ಬಿಸ್ಕತ್ ಪೊಟ್ಟಣಗಳ ಬಾರ್‌ಕೋಡ್ ಒಂದೇ. ನೂರು ಪೊಟ್ಟಣಕ್ಕೂ ಅದೇ. ಈ ಚೀಟಿ ಹಾಗಲ್ಲ. ಒಂದೊಂದು ಪೊಟ್ಟಣಕ್ಕೂ ಅದರದೇ ನಂಬರ್! ಜಗತ್ತಿನಲ್ಲಿ ಇನ್ನೊಂದಕ್ಕೆ ಆ ನಂಬರ್ ಇಲ್ಲ!

ಎಲ್ಲ ಸರಿ ಹೋಗುತ್ತಿದೆ ಅನ್ನುವಾಗಲೇ ಒಂದು ಗಂಡಾಂತರ ಎದುರಾಯಿತು. ಎರಡು ಭಾಷೆಗಳು ಹುಟ್ಟಿಬಿಟ್ಟಿದ್ದವು! ಮ್ಯಾಟ್ರಿಕ್ಸ್ ಎಂಬ ಕಂಪನಿಯ ಚೀಟಿ ಒಂದು ಬಗೆ. ಏಲಿಯನ್ ಎಂಬ ಕಂಪನಿಯ ಚೀಟಿ ಇನ್ನೊಂದು ಬಗೆ. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ಅಷ್ಟರಲ್ಲಿ 2003ರ ಜೂನ್‌ನಲ್ಲಿ ವಾಲ್‌ಮಾರ್ಟ್ ಬಾಂಬ್ ಹಾಕಿತು. ನಮಗೆ ಮಾಲು ಕೊಡುವ ಮೊದಲ ನೂರು ಕಂಪನಿಗಳು 2005ರ ಜನವರಿಯೊಳಗೆ ಪೆಟ್ಟಿಗೆಗಳಿಗೆ ಈ ಚೀಟಿ ಅಂಟಿಸಬೇಕು! ಅಮೆರಿಕದ ರಕ್ಷಣಾ ಇಲಾಖೆಯೂ ತನ್ನ ಪೂರೈಕೆದಾರರಿಗೆ ಅದೇ ಗಡುವು ಕೊಟ್ಟಿತು.

ಯಾವ ಚೀಟಿ ಅಂಟಿಸಬೇಕು? ಯಾರ ಭಾಷೆ ಕಲಿಯಬೇಕು?

ಒಪ್ಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಣ್ಣೆದುರೇ ಪಾಠವಿತ್ತು. ಸಾಕುನಾಯಿಗಳ ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇಡುತ್ತಾರೆ. ನಾಯಿ ಕಳೆದರೆ ಮನೆ ಹುಡುಕಲು. ಇದಕ್ಕೆ ಅಂತರರಾಷ್ಟ್ರೀಯ ಮಾನಕ 1996ರಲ್ಲೇ ಬಂತು, 134.2 ಕಿಲೋಹರ್ಟ್ಸ್‌. ಅಮೆರಿಕದಲ್ಲಿ ಮಾತ್ರ ಬಹಳಷ್ಟು ನಾಯಿಗಳ ಚಿಪ್ 125ರಲ್ಲೇ ಉಳಿಯಿತು. ಒಂದನ್ನು ಓದುವ ಯಂತ್ರಕ್ಕೆ ಇನ್ನೊಂದು ಕಾಣುವುದಿಲ್ಲ! ನಾಯಿಯ ಮೈಯಲ್ಲಿ ಚಿಪ್ ಇದೆ. ಅದರಲ್ಲಿ ನಂಬರಿದೆ. ಯಂತ್ರ ಮಾತ್ರ ‘ಏನೂ ಇಲ್ಲ’ ಎನ್ನುತ್ತದೆ. ಬೀದಿನಾಯಿ ಎಂದೇ ಲೆಕ್ಕ! ಎರಡನ್ನೂ ಓದುವ ಯಂತ್ರಗಳು ಬರುವ ತನಕ ಎಷ್ಟು ಮನೆಗಳು ತಮ್ಮ ನಾಯಿಗಾಗಿ ಸುಮ್ಮನೆ ಕಾದವೋ. ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

ಇಲ್ಲಿ ಹಾಗಾಗಲಿಲ್ಲ! 2003ರ ಕೊನೆಗೆ ಎಂಐಟಿಯ ಕೇಂದ್ರ ತನ್ನ ಕೆಲಸವನ್ನು ಇಪಿಸಿಗ್ಲೋಬಲ್ ಎಂಬ ಹೊಸ ಸಂಸ್ಥೆಗೆ ಒಪ್ಪಿಸಿತು. ಬಾರ್‌ಕೋಡ್ ಸಂಸ್ಥೆಗಳೇ ಅದನ್ನು ಕಟ್ಟಿದವು. ಮುಂದೆ ಅವು ಜಿಎಸ್‌1 ಎಂಬ ಒಂದೇ ಹೆಸರಿನಡಿ ಬಂದವು. ಎರಡು ಹಳೆಯ ಭಾಷೆಗಳನ್ನೂ ಪಕ್ಕಕ್ಕಿಟ್ಟು ಮೂರನೆಯದನ್ನು ಬರೆಯಲು ಕೂತರು. ಚಿಪ್ ಮಾಡುವವರು, ರೀಡರ್ ಮಾಡುವವರು, ಅಂಗಡಿ ನಡೆಸುವವರು. ಒಬ್ಬರ ಉತ್ಪನ್ನವನ್ನು ಮೂಲೆಗುಂಪು ಮಾಡಬಲ್ಲ ಒಂದೊಂದು ಸಾಲಿಗೂ ವಾದ! ಇಂಟರ್‌ಮೆಕ್ ಕಂಪನಿಯ ಪೇಟೆಂಟುಗಳ ಪ್ರಶ್ನೆ ಬೇರೆ. ಆದರೂ 2004ರ ಡಿಸೆಂಬರ್‌ನಲ್ಲಿ ಜೆನ್‌-2 ಅಂಗೀಕಾರವಾಯಿತು. ಎಷ್ಟು ಕಂಪನಿಗಳ ಕೈ ಅದರಲ್ಲಿತ್ತು? ಅರವತ್ತಕ್ಕೂ ಹೆಚ್ಚು! 2006ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಕೂಡ ಮುದ್ರೆಯೊತ್ತಿತು.

ನಿಲ್ಲಿ, ಇನ್ನೊಂದು ಗಂಟು ಬಾಕಿ ಇದೆ. ರೇಡಿಯೊ ಅಲೆಗೆ ಒಂದೊಂದು ದೇಶದ ಕಾನೂನು ಒಂದೊಂದು ಬಗೆ! ಅಮೆರಿಕದಲ್ಲಿ 902ರಿಂದ 928 ಮೆಗಾಹರ್ಟ್ಸ್‌. ಯುರೋಪಿನಲ್ಲಿ 865ರಿಂದ 868. ಭಾರತದಲ್ಲಿ ಮೊದಲಿಗೆ 865ರಿಂದ 867 ಇತ್ತು. ಬಾಂಗ್ಲಾದೇಶದಲ್ಲಿ ಹೊಲಿದು ಚೀಟಿ ಅಂಟಿಸಿದ ಅಂಗಿ ಜರ್ಮನಿಯಲ್ಲೂ ಮಾತಾಡಬೇಕು, ಟೆಕ್ಸಾಸಿನಲ್ಲೂ ಮಾತಾಡಬೇಕು. ಒಂದೊಂದು ದೇಶಕ್ಕೆ ಒಂದೊಂದು ಚೀಟಿಯೇ?

ಬೇಡ! ಒಂದೇ ಸಾಕು! ಏಕೆ, ಹೊಳೆಯಿತೇ?

ಈ ಚೀಟಿ ತಾನಾಗಿ ಪ್ರಸಾರ ಮಾಡುವುದಿಲ್ಲವಲ್ಲ! ಅದಕ್ಕೆ ತನ್ನದೇ ಆದ ಸ್ಟೇಷನ್ ಇಲ್ಲ. ಬಂದ ಅಲೆಯನ್ನೇ ಮರಳಿಸುತ್ತದೆ. ಆಯಾ ದೇಶದ ಕಾನೂನನ್ನು ರೀಡರ್ ಪಾಲಿಸಿದರೆ ಸಾಕು. 860ರಿಂದ 960ರವರೆಗೆ ಎಲ್ಲಿ ಕೇಳಿದರೂ ಚೀಟಿ ಅಲ್ಲೇ ಉತ್ತರಿಸುತ್ತದೆ. ಬಡ ಚಿಪ್ಪಿನ ಬಡತನವೇ ಅದಕ್ಕೆ ವಿಶ್ವದ ಪಾಸ್‌ಪೋರ್ಟ್ ಆಯಿತು!

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ.

ಪೆಟ್ಟಿಗೆಯೊಳಗೆ ಮೂವತ್ತು ಕಾಲುಚೀಲಗಳಿವೆ ಎನ್ನಿ. ರೀಡರ್ ‘ಯಾರಿದ್ದೀರಿ?’ ಎಂದು ಕೇಳುತ್ತದೆ. ಮೂವತ್ತೂ ಒಟ್ಟಿಗೆ ಕೂಗುತ್ತವೆ! ಹಾಜರಿ ಶುರುವಾದೊಡನೆ ಇಡೀ ಕ್ಲಾಸು ಒಂದೇ ಉಸಿರಿಗೆ ‘ಹಾಜರ್ ಸಾರ್’ ಎಂದು ಕಿರುಚಿದ ಹಾಗೆ. ಮೇಷ್ಟ್ರಾದರೋ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬಲ್ಲರು. ರೀಡರಿಗೆ ಹೆಸರೇ ಗೊತ್ತಿಲ್ಲ! ಎಷ್ಟು ಜನರಿದ್ದಾರೆಂದೂ ಗೊತ್ತಿಲ್ಲ! ಚೀಟಿಗಳಿಗೆ ಪರಸ್ಪರರ ದನಿ ಕೇಳುವುದೂ ಇಲ್ಲ!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಓದುವುದನ್ನು ನಿಲ್ಲಿಸಿ ಒಂದು ನಿಮಿಷ ಯೋಚಿಸಿ.

ಲಾಟರಿ! ಉತ್ತರ ಲಾಟರಿ!

ರೀಡರ್ ಮೊದಲು ಒಂದು ಸಂಖ್ಯೆ ಸಾರುತ್ತದೆ. ನಾಲ್ಕು ಅಂದಿತೆನ್ನಿ. ಎರಡರ ನಾಲ್ಕನೇ ಘಾತ, ಹದಿನಾರು. ಪ್ರತಿ ಚೀಟಿಯೂ ಸೊನ್ನೆಯಿಂದ ಹದಿನೈದರೊಳಗೆ ಮನಸ್ಸಿಗೆ ಬಂದ ಒಂದು ಅಂಕಿ ಹಿಡಿಯುತ್ತದೆ. ಸೊನ್ನೆ ಬಂದವರು ಮಾತ್ರ ಬಾಯಿ ತೆರೆಯಬೇಕು. ಮಿಕ್ಕವರು ಗಪ್‌ಚುಪ್! ರೀಡರ್ ‘ಮುಂದೆ’ ಎಂದೊಡನೆ ಎಲ್ಲರೂ ತಮ್ಮ ಅಂಕಿಯಿಂದ ಒಂದು ಕಳೆಯುತ್ತಾರೆ. ಈಗ ಯಾರು ಸೊನ್ನೆಗೆ ಬಂದರೋ ಅವರ ಸರದಿ. ಹೀಗೇ ಮುಂದೆ, ಮುಂದೆ, ಮುಂದೆ!

ಇಬ್ಬರು ಒಟ್ಟಿಗೆ ಸೊನ್ನೆಗೆ ಬಂದರೆ? ಗದ್ದಲ. ರೀಡರ್ ಅವರನ್ನು ಬಿಟ್ಟು ಮುಂದೆ ಹೋಗುತ್ತದೆ, ಮುಂದಿನ ಸುತ್ತಿನಲ್ಲಿ ಅವರು ಮತ್ತೆ ಅಂಕಿ ಹಿಡಿಯಬೇಕು. ಯಾರೂ ಬಾರದಿದ್ದರೆ? ಮೌನ. ಅದೂ ಒಂದು ಸುದ್ದಿಯೇ! ಗದ್ದಲ ಹೆಚ್ಚಾದರೆ ರೀಡರ್ ಅಂಕಿಗಳ ಸಾಲನ್ನು ಉದ್ದ ಮಾಡುತ್ತದೆ, ಮೌನ ಹೆಚ್ಚಾದರೆ ಮೊಟಕು ಮಾಡುತ್ತದೆ. ಎಷ್ಟು ಉದ್ದಕ್ಕೆ ಹೋಗಬಹುದು? 32,768 ಅಂಕಿಗಳವರೆಗೆ!

ಇನ್ನೂ ಒಂದು ಕುಶಲತೆ ಇದೆ. ಸರದಿ ಬಂದ ಚೀಟಿ ಮೊದಲ ಬಾರಿಗೇ ತನ್ನ ಉದ್ದನೆಯ ನಂಬರ್ ಹೇಳುವುದಿಲ್ಲ! ಹದಿನಾರು ಬಿಟ್‌ಗಳ ಒಂದು ಪುಟ್ಟ ಸಂಖ್ಯೆಯನ್ನು ಹೊಸದಾಗಿ ಹುಟ್ಟಿಸಿ ಹೇಳುತ್ತದೆ. 65,536ರಲ್ಲಿ ಯಾವುದೋ ಒಂದು. ರೀಡರ್ ಅದನ್ನೇ ತಿರುಗಿ ಹೇಳಬೇಕು. ತಾನು ಹೇಳಿದ್ದೇ ವಾಪಸ್ ಕೇಳಿಸಿತೇ? ಆಗ ಮಾತ್ರ ಅಸಲಿ ನಂಬರ್ ಹೊರಬರುತ್ತದೆ. ಏಕೆ ಈ ಸುತ್ತುಬಳಸು? ಇಬ್ಬರು ಒಟ್ಟಿಗೆ ಕೂಗಿ ಕೆಟ್ಟರೂ ಕೆಟ್ಟದ್ದು ಹದಿನಾರು ಬಿಟ್ ಹೊತ್ತು ಮಾತ್ರ! ಸಮಯ ಉಳಿಯಿತು! ಲೆಕ್ಕಕ್ಕೆ ಸಿಕ್ಕ ಚೀಟಿ ತನ್ನೊಳಗೆ ಒಂದು ಗುರುತು ಮಗುಚಿ ಸುಮ್ಮನಾಗುತ್ತದೆ, ಇನ್ನೊಬ್ಬರಿಗೆ ದಾರಿ ಬಿಡುತ್ತದೆ.

ನೆನಪಿದೆಯಲ್ಲ, ಇಷ್ಟೂ ನಾಟಕ ನಡೆಯುವುದು ಹತ್ತು ಮೈಕ್ರೊವ್ಯಾಟಿನಲ್ಲಿ! ಸೆಕೆಂಡಿಗೆ ನೂರಾರು ಚೀಟಿಗಳ ಲೆಕ್ಕ ಮುಗಿಯುತ್ತದೆ!

ಈ ಲಾಟರಿಯ ಮೂಲ ಎಲ್ಲಿದೆ ಹೇಳಿ? ಹವಾಯಿ ದ್ವೀಪಗಳಲ್ಲಿ! ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್ಸನ್ 1971ರಲ್ಲಿ ದ್ವೀಪಗಳ ಕಂಪ್ಯೂಟರುಗಳನ್ನು ರೇಡಿಯೊದಿಂದ ಬೆಸೆದರು. ಒಂದೇ ಅಲೆ, ಹಲವು ಮಾತುಗಾರರು. ಎಲ್ಲರೂ ಮಾತಾಡಲಿ, ಡಿಕ್ಕಿಯಾದರೆ ಒಂದಿಷ್ಟು ಹೊತ್ತು ಬಿಟ್ಟು ಮತ್ತೆ ಆಡಲಿ ಎಂಬುದು ಅವರ ಉಪಾಯ. ಅಲೋಹಾನೆಟ್ ಎಂದು ಹೆಸರು. ಆ ಉಪಾಯದ ಮರಿಮಗ ನಿಮ್ಮ ಕಾಲುಚೀಲದಲ್ಲಿ ಕೂತಿದ್ದಾನೆ!

ಒಪ್ಪಂದದ ಹೊತ್ತಿಗೆ ಜನರ ಭಯವೂ ಮೇಜಿಗೆ ಬಂತು. ಬರಲೇಬೇಕಿತ್ತು. ಅಂಗಿ ತೊಟ್ಟು ಬೀದಿಗಿಳಿದರೆ ಯಾರ್‍ಯಾರೋ ಅದರ ನಂಬರ್ ಓದಿದರೆ? ಬೆನೆಟನ್ ಕಂಪನಿ ಬಟ್ಟೆಗಳಿಗೆ ಈ ಚಿಪ್ ಹಾಕುತ್ತದಂತೆ ಎಂಬ ಸುದ್ದಿಗೆ 2003ರಲ್ಲಿ ಬಹಿಷ್ಕಾರದ ಕರೆಯೇ ಎದ್ದಿತ್ತು. ಹಾಗಾಗಿ ಜೆನ್‌-2ರಲ್ಲಿ ಒಂದು ಆಜ್ಞೆಯನ್ನು ಕಡ್ಡಾಯವಾಗಿ ಸೇರಿಸಿದರು. ಯಾವ ಆಜ್ಞೆ? ಸಾಯುವ ಆಜ್ಞೆ! 32 ಬಿಟ್‌ಗಳ ಗುಪ್ತಸಂಖ್ಯೆ ಕೊಟ್ಟು ಹೇಳಿದರೆ ಚಿಪ್ ಆ ಕ್ಷಣದಿಂದ ಮೂಕ. ಮತ್ತೆಂದೂ ಬಾಯಿ ತೆರೆಯದು! 2013ರ ಪರಿಷ್ಕರಣೆಯಲ್ಲಿ ಅರ್ಧ ದಾರಿಯೂ ಸಿಕ್ಕಿತು. ಸಾಯುವುದು ಬೇಡ, ಅಪರಿಚಿತರಿಗೆ ನಂಬರ್ ಮರೆಮಾಡಿದರೆ ಸಾಕು ಎಂಬ ಅವಕಾಶ. ಅಂಗಡಿಗಳು ಈ ಅವಕಾಶಗಳನ್ನು ಇನ್ನೂ ಧಾರಾಳವಾಗಿ ಬಳಸಬೇಕು. ಕೊಂಡ ಮೇಲೆ ಅಂಗಿ ಕೊಂಡವರದು, ಅದರ ನಂಬರೂ ಅವರದೇ.

ಎಲ್ಲವೂ ಹೂವೆತ್ತಿದಂತೆ ನಡೆಯಿತೆನ್ನಲಾರೆ. ನೀರು ಈ ಅಲೆಯನ್ನು ನುಂಗುತ್ತದೆ. ಲೋಹ ಅದನ್ನು ಅಡ್ಡಗಟ್ಟುತ್ತದೆ. ಶಾಂಪೂ ಬಾಟಲಿ, ಡಬ್ಬಿಗಳು ಸತಾಯಿಸಿದವು. ವಾಲ್‌ಮಾರ್ಟಿನ ಮೊದಲ ಹುಮ್ಮಸ್ಸು ತಣ್ಣಗಾಯಿತು. ಗೆದ್ದದ್ದು ಬಟ್ಟೆ! 2010ರಲ್ಲಿ ಅದೇ ವಾಲ್‌ಮಾರ್ಟ್ ಜೀನ್ಸ್‌ಗಳಿಗೆ ಚೀಟಿ ಹಚ್ಚಿದಾಗ ಗಾಳಿ ತಿರುಗಿತು. ನೀರಿಲ್ಲದ, ಲೋಹವಿಲ್ಲದ ಹತ್ತಿಬಟ್ಟೆ ಈ ಅಲೆಗೆ ಹೇಳಿ ಮಾಡಿಸಿದ್ದು!

ಇತ್ತ ಭಾರತದಲ್ಲಿ? ಇಲ್ಲಿದೆ ನಮ್ಮೂರಿನ ಕೊಂಡಿ!

2005ರಲ್ಲೇ ಕೇಂದ್ರ ಸರ್ಕಾರ 865ರಿಂದ 867 ಮೆಗಾಹರ್ಟ್ಸ್‌ ಪಟ್ಟಿಯನ್ನು ಲೈಸೆನ್ಸಿನಿಂದ ಮುಕ್ತ ಮಾಡಿತ್ತು. 2010ರಲ್ಲಿ ಹೆದ್ದಾರಿ ಟೋಲಿಗೆ ಯಾವ ತಂತ್ರಜ್ಞಾನ ಎಂದು ಹೇಳಲು ಒಂದು ಸಮಿತಿ ಕೂತಿತು. ಅಧ್ಯಕ್ಷರು ಯಾರು? ಬೆಂಗಳೂರಿನ ನಂದನ್ ನಿಲೇಕಣಿ! ಬ್ಯಾಟರಿಯುಳ್ಳ ದುಬಾರಿ ಪೆಟ್ಟಿಗೆಗಳು ಆಗ ಬೇರೆ ದೇಶಗಳ ಟೋಲ್‌ಗಳಲ್ಲಿ ಓಡುತ್ತಿದ್ದವು. ಸಮಿತಿ ಆರಿಸಿದ್ದು ಬ್ಯಾಟರಿಯಿಲ್ಲದ ಚೀಟಿಯನ್ನು. ಅದೂ ಯಾವ ಭಾಷೆ ಆಡುವ ಚೀಟಿ? ಇಪಿಸಿ ಜೆನ್‌-2! ಅಂಗಡಿಯ ಪೆಟ್ಟಿಗೆಗಳಿಗೆಂದು ಬರೆದ ಭಾಷೆ ಹೆದ್ದಾರಿಗೆ ಬಂತು! ಒಬ್ಬನೇ ಮಾರಾಟಗಾರನಿಗೆ ಜೋತುಬೀಳುವ ಪ್ರಮೇಯವೇ ಇಲ್ಲ. ಮಾನಕ ಪಾಲಿಸುವ ಯಾರ ಚೀಟಿಯೂ ಆದೀತು, ಯಾರ ರೀಡರೂ ಆದೀತು. ಎಂಥ ಜಾಣ ಆಯ್ಕೆ!

ಈಗ ಹೇಳಿ, ನಿಮ್ಮ ಫಾಸ್ಟ್ಯಾಗಿನ ಚಿಪ್ಪಿನಲ್ಲಿ ಎಷ್ಟು ದುಡ್ಡಿದೆ? ಐನೂರು? ಸಾವಿರ?

ಒಂದು ಪೈಸೆಯೂ ಇಲ್ಲ! ವಾಹನದ ಗುರುತು ಮಾತ್ರ! ಎಂಐಟಿಯ ಅದೇ ಹಟ, ಮಿಕ್ಕಿದ್ದೆಲ್ಲ ದೂರದ ಕಂಪ್ಯೂಟರಿನಲ್ಲಿ! ಚೀಟಿಯ ನಂಬರ್ ಟೋಲ್ ಪ್ಲಾಜಾದ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ನಮ್ಮ ಯುಪಿಐ ನಡೆಸುವ ಎನ್‌ಪಿಸಿಐಗೆ. ಅಲ್ಲಿಂದ ನಿಮಗೆ ಟ್ಯಾಗ್ ಕೊಟ್ಟ ಬ್ಯಾಂಕಿಗೆ. ದುಡ್ಡು ಕಡಿತವಾಗುವುದು ಅಲ್ಲಿ! ಹುಬ್ಬಳ್ಳಿಯಲ್ಲಿ ಒಂದು ಬ್ಯಾಂಕಿನಿಂದ ಕೊಂಡ ಟ್ಯಾಗ್ ಕಾಶ್ಮೀರದ ಟೋಲಿನಲ್ಲೂ ನಡೆಯುತ್ತದೆ. ಅಲ್ಲಿನ ರೀಡರ್ ಬೇರೆ, ಪ್ಲಾಜಾ ನಡೆಸುವವರು ಬೇರೆ, ಬ್ಯಾಂಕು ಬೇರೆ. ಚಿಪ್ ಮಾಡುವವರು ಒಪ್ಪಿದಂತೆ ಇಲ್ಲಿ ಬ್ಯಾಂಕುಗಳೂ ಒಪ್ಪಿವೆ! ಒಪ್ಪಂದದ ಮೇಲೆ ಒಪ್ಪಂದ!

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಐದೂವರೆ ಸೆಂಟಿಮೀಟರ್ ಸರಿಯುತ್ತದೆ. ಚೀಟಿಗೂ ರೀಡರಿಗೂ ನಡುವಿನ ಮಾತುಕತೆ ಅಷ್ಟರೊಳಗೇ ಮುಗಿಯಬಲ್ಲದು! 2021ರ ಫೆಬ್ರವರಿ 15ರ ನಡುರಾತ್ರಿಯಿಂದ ರಾಷ್ಟ್ರೀಯ ಹೆದ್ದಾರಿಯ ಎಲ್ಲ ಲೇನುಗಳೂ ಫಾಸ್ಟ್ಯಾಗ್ ಲೇನುಗಳಾದವು. ಇಂದು ದೇಶದಲ್ಲಿ 8 ಕೋಟಿಗೂ ಹೆಚ್ಚು ಬಳಕೆದಾರರು!

ಅಂದಹಾಗೆ, ನಮ್ಮ ಮೆಟ್ರೊದ ಟೋಕನ್ ಇದೇ ಕುಟುಂಬದ್ದೇ ಅಂದುಕೊಳ್ಳಬೇಡಿ. ಅದು ದಾಯಾದಿ. 13.56 ಮೆಗಾಹರ್ಟ್ಸ್‌ನದು. ಕೆಲವೇ ಸೆಂಟಿಮೀಟರ್ ಹತ್ತಿರ ತಂದರೆ ಮಾತ್ರ ಮಾತಾಡುತ್ತದೆ, ಬೇಕೆಂದೇ ಹಾಗೆ ಮಾಡಿದ್ದಾರೆ. ಪಕ್ಕದವರ ಟೋಕನ್ ನಿಮ್ಮ ಗೇಟು ತೆರೆದರೆ ಗತಿಯೇನು!

ಕಾದಿಟ್ಟ ಸಂಖ್ಯೆಗೆ ಈಗ ಬಂದೆ. ಜೆನ್‌-2 ಮಾತಾಡುವ ಚಿಪ್‌ಗಳು ಜಗತ್ತಿನಲ್ಲಿ ಒಂದು ವರ್ಷಕ್ಕೆ ಎಷ್ಟು ರವಾನೆಯಾಗುತ್ತವೆ? 2014ರಲ್ಲಿ ಗೂಗಲ್, ಇಂಟೆಲ್, ಇಂಪಿಂಜ್, ಸ್ಮಾರ್‌ಟ್ರಾಕ್ ಸೇರಿ ಕಟ್ಟಿದ ರೇನ್ ಒಕ್ಕೂಟ ಈ ಲೆಕ್ಕ ಇಡುತ್ತದೆ. ನಿಮ್ಮ ಊಹೆ ಎಷ್ಟು? ಹತ್ತು ಕೋಟಿ? ನೂರು ಕೋಟಿ?

2024ರಲ್ಲಿ 5,000 ಕೋಟಿಗೂ ಹೆಚ್ಚು! ಭೂಮಿಯ ಪ್ರತಿಯೊಬ್ಬರಿಗೂ ಆರು! ಹಗಲು ರಾತ್ರಿ, ಸೆಕೆಂಡಿಗೆ 1,500ಕ್ಕೂ ಮಿಕ್ಕಿ! ಈ ವಾಕ್ಯ ಓದುವಷ್ಟರಲ್ಲಿ ಕೆಲವು ಸಾವಿರ ಚಿಪ್‌ಗಳು ಹೊರಬಿದ್ದವು! ಎಲ್ಲವೂ ಅದೇ ಲಾಟರಿ ಆಡಬಲ್ಲವು!

ಮುಂದೇನು? ರೀಡರೇ ಫೋನಿನೊಳಗೆ ಬರಲಿದೆ! ಮೊಬೈಲಿನ ಪ್ರೊಸೆಸರ್‌ನಲ್ಲೇ ಈ ರೀಡರನ್ನು ಅಡಗಿಸಿಡುವ ಚಿಪ್ಪನ್ನು ಕ್ವಾಲ್‌ಕಾಮ್ 2025ರಲ್ಲಿ ಪ್ರಕಟಿಸಿತು. ಸದ್ಯಕ್ಕೆ ಅಂಗಡಿ, ಗೋದಾಮುಗಳ ಕೈಯಂತ್ರಗಳಿಗೆ. ಅದು ಕೇಳುವುದು ಯಾವ ಭಾಷೆಯಲ್ಲಿ ಎಂದು ಇನ್ನು ನೀವೇ ಹೇಳಬಲ್ಲಿರಿ. 2013ರ ಪರಿಷ್ಕರಣೆ ಹಳೆಯ ಚೀಟಿಗಳ ಕೈಬಿಡಲಿಲ್ಲ. ಮಾನಕ ಹೊಸದಾಗಿದ್ದಾಗ, 2006ರಲ್ಲಿ ತಯಾರಾದ ಒಂದು ಚೀಟಿ ಯಾವುದೋ ಗೋದಾಮಿನ ಪೆಟ್ಟಿಗೆಗೆ ಇನ್ನೂ ಅಂಟಿಕೊಂಡಿದ್ದರೆ, ಆ ಹೊಚ್ಚಹೊಸ ಯಂತ್ರ ಕೇಳಿದೊಡನೆ ಅದೂ ಅಂಕಿ ಹಿಡಿದು ಸರದಿ ಕಾಯುತ್ತದೆ, ತನ್ನ ನಂಬರ್ ಹೇಳುತ್ತದೆ!